ಪುಟ್ಟಮಾದುವಿನ ಮಚ್ಚಿನ ಹಿಡಿ

ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಅದರ ಎದುರಿಗೆ, ರಸ್ತೆಯ ಆಚೆ ಬದಿಯ ಹೊಂಗೆ ಮರದ ಕೆಳಗೆ, ಪುಟ್ಟಮಾದು ಎಳನೀರು ಮಾರುತ್ತಿದ್ದ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಅವನನ್ನು ನೋಡುತ್ತಾ ಕೂರುತ್ತಿದ್ದೆ, ಅವನು ತನ್ನ ಮಚ್ಚಿನ ಹಿಡಿಯನ್ನು ನೋಡುತ್ತಾ ಕೂರುತ್ತಿದ್ದ. ಹೋದ ಬೇಸಿಗೆಯ ಉದ್ದಕ್ಕೂ ಆ ಹಿಡಿಯ ಹಿಂದೆ ಬಿದ್ದು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಿಡಿಯಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಕೇಳುವವರನ್ನು ಕಾಯಿಸಿ ಮಜಾ ನೋಡುವ ಅಭ್ಯಾಸ ನನಗಿಲ್ಲ. ಕೆಡುತ್ತಿದ್ದದ್ದು ಅವನ ಬಲಗೈ. ಅದು ಪೂರ್ತಿ ಕೆಡುವ ಮೊದಲು ಯಾರಾದರೂ ಹಿಡಿದು ನಿಲ್ಲಿಸುತ್ತಾರೋ ಇಲ್ಲವೋ ಎಂಬುದಷ್ಟೇ ಇಲ್ಲಿನ ವಿಷಯ.

ಅವನು ಮೂಲತಃ ಚಾಮರಾಜನಗರದ ಹತ್ತಿರದ ಬದನಗುಪ್ಪೆ ಕಡೆಯವನು. ಸುಂದ್ರಮ್ಮನನ್ನು ಮದುವೆಯಾಗಿ ಅವಳ ಊರಿಗೆ, ಅಂದರೆ ನಮ್ಮ ಕಡೆಗೆ, ಬಂದು ನೆಲೆಸಿದ. ತೋಟಗಳಲ್ಲಿ ಕಾಯಿ ಕೀಳುವ ಕೂಲಿಯಿಂದ ಶುರು ಮಾಡಿ ಕೊನೆಗೆ ಹೊಂಗೆ ಮರದ ನೆರಳು ಹಿಡಿದ. ಮಗಳು ಮೀನಾ ಕಾಲೇಜು ಮುಗಿಸುವ ಹಂತದಲ್ಲಿದ್ದಳು, ಸಂಬಂಧ ಕೇಳಿಕೊಂಡು ಒಬ್ಬಿಬ್ಬರು ಬಂದು ಹೋಗುತ್ತಿದ್ದರು. ಮನುಷ್ಯ ಮಾತಿನಲ್ಲಿ ಮೃದು, ಹಟದಲ್ಲಿ ಕತ್ತೆ. ನಾನು ಹೀಗೆ ಅನ್ನುವುದು ಅವನಿಗೂ ಗೊತ್ತು.

ಎಳನೀರು ಕೆತ್ತುವುದರಲ್ಲಿ ಅವನದೊಂದು ರೀತಿಯಿತ್ತು. ಬೇರೆಯವರು ಮರದ ದಿಮ್ಮಿಯ ಮೇಲೆ ಕಾಯಿ ಇಟ್ಟು ಕೊಚ್ಚುತ್ತಾರೆ. ಪುಟ್ಟಮಾದು ಕಾಯಿಯನ್ನು ಎಡಗೈಯ ಮೇಲೆ ಎತ್ತಿ ಹಿಡಿದು, ತಿರುಗಿಸುತ್ತಾ, ಬಲಗೈಯ ಮಚ್ಚಿನಿಂದ ಅಂಗೈ ಕಡೆಗೇ ಬೀಸುತ್ತಿದ್ದ. ಅವರಪ್ಪ ಕಲಿಸಿದ್ದೇ ಹಾಗೆ. ದಿಮ್ಮಿಯ ಮೇಲೆ ಇಟ್ಟು ಕೊಚ್ಚುವವನು ಸೌದೆ ಒಡೆಯಲು ಹೋಗಲಿ ಎಂದು ಆ ಮುದುಕ ಬೈಯುತ್ತಿದ್ದನಂತೆ. ಕೇರಳದಿಂದ ಬರುವ ಕಾರಿನವರು ಫೋನ್ ಹಿಡಿದು ಅವನ ಕೈಚಳಕವನ್ನು ವಿಡಿಯೋ ಮಾಡಿಕೊಳ್ಳುತ್ತಿದ್ದರು. ಅದನ್ನು ನೋಡಲೆಂದೇ ನಿಲ್ಲಿಸುವವರೂ ಇದ್ದರು. ಮಚ್ಚು ಕೂದಲೆಳೆಯಷ್ಟು ಆಚೀಚೆಯಾದರೂ ಎಡಗೈಯ ಬೆರಳು ಉಳಿಯುತ್ತಿರಲಿಲ್ಲ, ಆದರೆ ಅಷ್ಟು ವರ್ಷದಲ್ಲಿ ಅದು ಆಚೀಚೆಯಾಗಿರಲಿಲ್ಲ.

ಮಚ್ಚು ಅವರಪ್ಪನದು. ಹಿಡಿ ಹುಣಸೆ ಮರದ್ದು, ಅಪ್ಪ ಮಗ ಇಬ್ಬರ ಅಂಗೈಯ ಬೆವರು ಕುಡಿದು ಹಳೆಯ ಒನಕೆಯ ನಡುವಿನ ಹಾಗೆ ನುಣುಪಾಗಿತ್ತು. ಪ್ರತಿ ಆಯುಧ ಪೂಜೆಗೂ ಪುಟ್ಟಮಾದು ಅದಕ್ಕೆ ಹರಳೆಣ್ಣೆ ತಿಕ್ಕಿ, ವಿಭೂತಿ ಬಳಿದು, ಕುಂಕುಮ ಇಡುತ್ತಿದ್ದ. ಹಾಗಾಗಿ ಒಂದು ದಿನ ಅವನು ರಸ್ತೆ ದಾಟಿ ಬಂದು ಹಿಡಿ ಕೈಯಲ್ಲಿ ತಿರುಗುತ್ತಿದೆ ಎಂದಾಗ ನಾನು ಎಣ್ಣೆಯನ್ನೇ ಬೈದೆ. ದೇವರಿಗೆ ಎಣ್ಣೆ ಹಚ್ಚು, ಹಿಡಿಗೆ ಯಾಕೆ ಹಚ್ಚುತ್ತೀಯ ಎಂದು ರೇಗಿಸಿ, ಒರಟು ಸ್ಯಾಂಡ್‌ಪೇಪರ್ ಕೊಟ್ಟು ಕಳಿಸಿದೆ. ಅವನು ಮರದ ಕೆಳಗೆ ಕೂತು ಮಧ್ಯಾಹ್ನವಿಡೀ ಉಜ್ಜಿದ. ಎರಡು ತಲೆಮಾರಿನ ಹೊಳಪು ಪುಡಿಯಾಗಿ ಉದುರಿತು.

ಒಂದು ವಾರ ಅವನು ಖುಷಿಯಾಗಿದ್ದ. ಆಮೇಲೆ ಮತ್ತೆ ಬಂದ. ಎಳನೀರಿನ ಕೆಲಸದಲ್ಲಿ ಕೈ ಒದ್ದೆಯಾಗಿಯೇ ಇರುತ್ತದೆ, ಒದ್ದೆ ಮರ ಜಾರುತ್ತದೆ, ರಬ್ಬರ್ ಹಾಕಿ ನೋಡೋಣ ಎಂದು ಈ ಸಲ ನಾವಿಬ್ಬರೂ ಸೇರಿ ತೀರ್ಮಾನಿಸಿದೆವು. ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬಿನ ತುಂಡು ತಂದು, ಸೋಪಿನ ನೀರು ಸವರಿ, ಹಿಡಿಗೆ ಬಿಗಿಯಾಗಿ ಏರಿಸಿದೆವು. ನೋಡಲು ಚೆನ್ನಾಗಿಯೇ ಇತ್ತು. ನಾನು ಹಿಡಿದು ಗಾಳಿಯಲ್ಲಿ ಬೀಸಿ ನೋಡಿದೆ, ಅಂಗೈಗೆ ಅಂಟಿಕೊಂಡ ಹಾಗಿತ್ತು. ಅವನು ಬೀಸಿದಾಗ ಮಾತ್ರ ಅಲಗು ಮೆಲ್ಲಗೆ ಒಂದು ಕಡೆಗೆ ವಾಲಿತು. ಅವನ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಹಿಡಿಯನ್ನು ಸುತ್ತಿಕೊಳ್ಳದೆ ಸ್ವಲ್ಪ ಎದ್ದೇ ಇದ್ದದ್ದನ್ನು ನಾನು ನೋಡಿದೆ. ಅದು ಅವನ ಕೈ ಅಭ್ಯಾಸ ಇರಬೇಕು ಎಂದುಕೊಂಡೆ.

ನಮ್ಮ ಕಡೆ ಕೂಲಿ ಮಾಡುವವರಲ್ಲಿ ಕೈ ಪಳಗಿದೆ ಎನ್ನುವುದು ದೊಡ್ಡ ಹೊಗಳಿಕೆ. ಮೊದಮೊದಲು ಬೊಬ್ಬೆ ಏಳುತ್ತದೆ, ಬೊಬ್ಬೆ ಒಡೆದು ಗಂಟು ಕಟ್ಟುತ್ತದೆ, ಗಂಟು ಕಟ್ಟಿದ ಮೇಲೆ ಬಿಸಿಯೂ ಚೂಪೂ ಅಷ್ಟಾಗಿ ತಾಗುವುದಿಲ್ಲ. ಯಾರ ಕೈಗೆ ಏನೂ ತಾಗುವುದಿಲ್ಲವೋ ಅವನು ಗಟ್ಟಿ ಕೆಲಸಗಾರ. ಪುಟ್ಟಮಾದು ಟೀ ಅಂಗಡಿಯಲ್ಲಿ ಕುದಿಯುವ ಟೀ ತುಂಬಿದ ಗಾಜಿನ ಲೋಟವನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಿಂತಿರುತ್ತಿದ್ದ, ಉಳಿದವರೆಲ್ಲ ಲೋಟದ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು ಊದುತ್ತಿದ್ದರು. ಅವನನ್ನು ಮೆಚ್ಚಿದವರಲ್ಲಿ ನಾನೇ ಮೊದಲಿಗ. ನಿನ್ನ ಕೈ ಕೈಯಲ್ಲ ಕಣಯ್ಯ, ಕಬ್ಬಿಣ ಎಂದು ಬೆನ್ನು ತಟ್ಟಿದ್ದೆ. ಅವನು ನಗಲಿಲ್ಲ, ಲೋಟ ಕೆಳಗಿಟ್ಟು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ.

ಆ ಬೇಸಿಗೆಯಲ್ಲಿ ಅವನು ತುಂಬು ತೋಳಿನ ಅಂಗಿ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಡಾಂಬರು ಕರಗುವ ಬಿಸಿಲಿನಲ್ಲೂ ಗುಂಡಿ ಹಾಕಿಕೊಂಡೇ ಕೆತ್ತುತ್ತಿದ್ದ. ಆಶಾ ಕಾರ್ಯಕರ್ತೆ ಕಾವ್ಯಶ್ರೀ ಮನೆಮನೆಗೆ ಹೋಗಿ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಏನಾದರೂ ಇದೆಯೇ ಎಂದು ವಿಚಾರಿಸುತ್ತಿದ್ದ ಕಾಲ ಅದು. ಅವಳು ಹೊಂಗೆ ಮರದ ಹತ್ತಿರವೂ ಬಂದಿದ್ದಳು. ಪುಟ್ಟಮಾದು ಅವಳಿಗೆ ಎಳೆ ತಿರುಳಿನ ಒಳ್ಳೆಯ ಗಂಜಿಕಾಯಿ ಕೆತ್ತಿಕೊಟ್ಟು, ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಹೇಳಿ ಸಾಗಹಾಕಿದ.

ಮಚ್ಚು ಹಾರಿದ್ದು ಅದಾದ ಸ್ವಲ್ಪ ದಿನಕ್ಕೆ. ಕೇರಳದ ಕಾರೊಂದು ನಿಂತಿತ್ತು. ಗಂಡ ಹೆಂಡತಿ ಇಳಿದು ಎಳನೀರು ಕುಡಿಯುತ್ತಿದ್ದರು, ಚಿಕ್ಕ ಹುಡುಗಿಯೊಬ್ಬಳು ಖಾಲಿ ಬುರುಡೆಗಳ ರಾಶಿಯ ಹತ್ತಿರ ನಿಂತು ನೋಡುತ್ತಿದ್ದಳು. ಪುಟ್ಟಮಾದು ಕಾಯಿ ಎತ್ತಿ ಬೀಸಿದ. ಎರಡನೆಯ ಬೀಸಿಗೆ ಅವನ ಕೈ ಮಾತ್ರ ಕೆಳಗಿಳಿಯಿತು, ಮಚ್ಚು ಇಳಿಯಲಿಲ್ಲ. ಅದು ಬಿಸಿಲಿನಲ್ಲಿ ಒಮ್ಮೆ ಫಳಕ್ಕೆಂದು, ಹುಡುಗಿಯ ಪಕ್ಕದ ಬುರುಡೆಯೊಂದರಲ್ಲಿ ಅಲಗಿನ ಅರ್ಧದವರೆಗೆ ಇಳಿದು ನಿಂತಿತು. ತಾಯಿ ಮಗುವನ್ನು ಎತ್ತಿಕೊಂಡು ಕಾರಿನೊಳಗೆ ಕೂತಳು, ಗಂಡ ಕುಡಿಯುತ್ತಿದ್ದ ಕಾಯಿಯನ್ನು ನೆಲದ ಮೇಲಿಟ್ಟು ಹೊರಟುಹೋದ. ಪುಟ್ಟಮಾದು ಇನ್ನೂ ಮುಷ್ಟಿ ಬಿಗಿಹಿಡಿದೇ ನಿಂತಿದ್ದ. ಮಚ್ಚು ತನ್ನ ಕೈಯಲ್ಲಿಲ್ಲ ಎಂಬುದು ಅವನಿಗೆ ಅದನ್ನು ಕಣ್ಣಿಂದ ನೋಡಿದ ಮೇಲೆ ಗೊತ್ತಾದದ್ದು.

ನಾನು ಓಡಿ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಹೆದರಿದಾಗ ಬೈಯುವುದು ನನ್ನ ಜಾಯಮಾನ. ಆ ಹಳೇ ಮಚ್ಚನ್ನು ಗುಜರಿಗೆ ಹಾಕು ಎಂದು, ಅಂಗಡಿಯಲ್ಲಿದ್ದ ಹೊಸ ಮಚ್ಚೊಂದನ್ನು ತಂದು ಅವನ ಕೈಗಿಟ್ಟೆ. ಅದರ ರಬ್ಬರ್ ಹಿಡಿಗೆ ಬೆರಳು ಕೂರಲೆಂದೇ ಹಳ್ಳಗಳಿದ್ದವು, ಬೇಕೆಂದು ಬಿಸಾಡಿದರೂ ಜಾರದಂಥ ಹಿಡಿ. ಅವನು ಒಂದೆರಡು ದಿನ ಅದರಲ್ಲಿ ಕೆತ್ತಿ, ತೊಳೆದು ಒರೆಸಿ ವಾಪಸು ತಂದ. ಬಳಸಿದ ಮಾಲು ವಾಪಸು ತರುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆದರೂ ಅವನ ಮುಖ ನೋಡಿ ಸುಮ್ಮನಾದೆ.

"ಇದೂ ಜಾರ್ತದೆ ಕಣಣ್ಣ" ಎಂದ.

ಎರಡು ಬೇರೆ ಬೇರೆ ಹಿಡಿ ಒಂದೇ ರೀತಿ ಜಾರುವುದಾದರೆ ಜಾರುತ್ತಿರುವುದು ಹಿಡಿಯಲ್ಲ ಎಂಬುದು ಯಾವ ದಡ್ಡನಿಗಾದರೂ ಹೊಳೆಯುತ್ತದೆ. ನನಗೂ ಹೊಳೆಯಿತು. ಡಾಕ್ಟರಿಗೆ ಕೈ ತೋರಿಸು ಎಂದೆ. ಅವನು ಕೇಳಿಸದವನ ಹಾಗೆ ಹಳೇ ಮಚ್ಚಿನ ಟ್ಯೂಬು ಕಿತ್ತು, ಒಂದು ಉಂಡೆ ನೈಲಾನ್ ಹುರಿ ಬೇಕು ಎಂದ.

ಹುರಿಯನ್ನು ಅವನು ಸುತ್ತಿದ ರೀತಿಯನ್ನು ಮೆಚ್ಚಲೇಬೇಕು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಸೂಜಿ ತೂರದ ಹಾಗೆ, ಸುತ್ತು ಸುತ್ತಿಗೂ ಎಳೆದು, ಕೊನೆಯನ್ನು ಒಳಗೇ ತೂರಿಸಿ ಬಿಗಿದ. ಅಷ್ಟಕ್ಕೇ ಬಿಡದೆ, ಹಿಡಿಯ ಬುಡದಲ್ಲಿ ತೂತು ಕೊರೆದು ಅದರಿಂದ ಒಂದು ಕುಣಿಕೆ ಇಳಿಬಿಟ್ಟು, ಆ ಕುಣಿಕೆಯನ್ನು ಮಣಿಕಟ್ಟಿಗೆ ಬಿಗಿದುಕೊಂಡ. ಇನ್ನು ಮಚ್ಚು ಹಾರಿ ಯಾರ ಮಗುವಿನ ಮೇಲೂ ಬೀಳುವುದಿಲ್ಲ ಎಂದು ನನಗೆ ಸಮಾಧಾನ ಹೇಳಿದ. ಅದು ನಿಜವೇ. ಆದರೆ ಹಾರಲಾಗದ ಮಚ್ಚು ಕೈಯಲ್ಲೇ ತಿರುಚಿಕೊಂಡು ಎಡಗೈ ಕಡೆಗೆ ಬರುತ್ತದೆ. ಅವನ ಎಡಗೈಯ ಹೆಬ್ಬೆರಳಿನ ಬುಡಕ್ಕೆ ಬಟ್ಟೆ ಸುತ್ತಿದ್ದು ಮಾರನೆಯ ವಾರವೇ ಕಂಡಿತು. ದಿಮ್ಮಿಯ ಮೇಲಾದರೂ ಇಟ್ಟುಕೊಂಡು ಕೊಚ್ಚು ಎಂದು ಬೇಡಿಕೊಂಡೆ. ಅವರಪ್ಪನ ಮಾತನ್ನು ಇನ್ನೊಮ್ಮೆ ಹೇಳಿದ.

ಆಮೇಲಿನ ದಿನಗಳಲ್ಲಿ ಅಂಗಡಿಯಲ್ಲಿ ಕೂತು ಅವನು ಕೆತ್ತುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಗಿರಾಕಿಗೆ ಮೊಳೆ ತೂಗುತ್ತಿದ್ದರೂ ಕಿವಿ ಮಾತ್ರ ಆಚೆ ಬದಿಯ ಸದ್ದಿನ ಮೇಲೇ ಇರುತ್ತಿತ್ತು. ಕಾಯಿಗೆ ಬಿದ್ದ ಏಟಿನ ಸದ್ದು ಬೇರೆ, ತಪ್ಪಿದ ಏಟಿನ ಸದ್ದು ಬೇರೆ. ತಪ್ಪಿದ ಏಟುಗಳು ದಿನದಿನಕ್ಕೆ ಹೆಚ್ಚುತ್ತಿದ್ದವು. ವಿಡಿಯೋ ಮಾಡುವವರು ಫೋನ್ ಇಳಿಸಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಹುರಿಯೂ ಸಾಲದಾಯಿತು. ಎಳನೀರು ಕುಡಿದು ಕುಡಿದು ಅದು ಹುಳಿ ವಾಸನೆ ಹೊಡೆಯತೊಡಗಿತು, ಇರುವೆ ಮುತ್ತಿತು. ಪುಟ್ಟಮಾದು ಅದನ್ನೂ ಬಿಚ್ಚಿ ಎಸೆದು, ಹಿಡಿಯ ಮೇಲೇ ಗೀರು ಹಾಕಿಬಿಡುತ್ತೇನೆ ಎಂದ. ಕೆಂಪಗೆ ಕಾದ ಕಬ್ಬಿಣದಿಂದ ಅಡ್ಡಡ್ಡ ಸುಟ್ಟರೆ ಆ ಗೀರು ಜನ್ಮಕ್ಕೆ ಸವೆಯುವುದಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರು. ನನ್ನ ಅಂಗಡಿಯಿಂದ ಒಂದು ಮೊಳ ಕಂಬಿ ಕೇಳಿ ತೆಗೆದುಕೊಂಡು, ಟೀ ಅಂಗಡಿಯವರ ಒಲೆಯಲ್ಲಿ ಕಾಯಿಸಿ, ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತ. ಕಂಬಿಯ ಈ ತುದಿಗೆ ಗೋಣಿಯ ಚೂರು ಸುತ್ತಿ ಬಲಗೈಯಲ್ಲಿ ಹಿಡಿದಿದ್ದ. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

ಒಂದು ಗೀರು, ಪಕ್ಕದಲ್ಲಿ ಇನ್ನೊಂದು. ಹುಣಸೆ ಮರ ಸುಡುವ ವಾಸನೆ ಒಂದು ರೀತಿ ಹಿತವಾಗಿಯೇ ಇರುತ್ತದೆ. ಅವನು ತುಟಿ ಕಚ್ಚಿಕೊಂಡು, ಮಗ್ಗಿ ಬರೆಯುವ ಮಕ್ಕಳ ಹಾಗೆ ಮೈಯೆಲ್ಲ ಕಣ್ಣಾಗಿ ಸುಡುತ್ತಿದ್ದ. ಅಷ್ಟರಲ್ಲಿ ಸುಂದ್ರಮ್ಮ ಬುತ್ತಿ ತಂದಳು. ಬಂದವಳು ಬುತ್ತಿ ಇಳಿಸದೆ ಮೂಗು ಅರಳಿಸಿ ನಿಂತಳು.

"ಏನೋ ಸುಡ್ತಾ ಅದೆ" ಎಂದಳು.

"ಹಿಡಿ ಸುಡ್ತಾ ಇವ್ನಿ ಕಣಮ್ಮಿ" ಎಂದ ಅವನು, ತಲೆ ಎತ್ತದೆ.

ವಾಸನೆ ಬದಲಾಗಿದ್ದು ಆಗ ನನಗೂ ತಿಳಿಯಿತು. ಗೋಣಿಯ ಚೂರು ಎಂದೋ ಪಕ್ಕಕ್ಕೆ ಸರಿದಿತ್ತು. ಅವನ ಕಿರುಬೆರಳು ಬರಿಯ ಕಂಬಿಯ ಮೇಲೆ ಒರಗಿಕೊಂಡಿತ್ತು, ಅದರ ಕೆಳಗಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಅವನು ಆರಾಮವಾಗಿ ಮುಂದಿನ ಗೀರಿಗೆ ಜಾಗ ನೋಡುತ್ತಿದ್ದ. ಸುಂದ್ರಮ್ಮ ಬುತ್ತಿಯನ್ನು ಅಲ್ಲೇ ಬಿಟ್ಟು, ಸೆರಗಿನಲ್ಲಿ ಕಂಬಿ ಹಿಡಿದು ಕಿತ್ತು ದೂರಕ್ಕೆ ಎಸೆದಳು. ಅವನು ಬೆರಳನ್ನು ಕಣ್ಣಿನ ಹತ್ತಿರ ತಂದು, ಬೇರೆ ಯಾರದೋ ಬೆರಳು ನೋಡುವ ಹಾಗೆ ನೋಡಿಕೊಂಡ.

ಆಮೇಲೆ ಅವಳು ಅವನ ಅಂಗಿಯ ಗುಂಡಿ ಬಿಚ್ಚಿ ತೋಳು ಮೇಲೆತ್ತಿದಳು. ಅವನು ಬೇಡ ಅನ್ನಲಿಲ್ಲ. ಮೊಣಕೈಯಿಂದ ಕೆಳಕ್ಕೆ, ಅಂಗೈ ಅಗಲದ ಮಚ್ಚೆಯೊಂದು ಮಾಸಲು ಬಣ್ಣದಲ್ಲಿ ಹರಡಿತ್ತು. ಅಲ್ಲಿ ಒಂದು ಕೂದಲೂ ಇರಲಿಲ್ಲ, ಬೆವರೂ ಇರಲಿಲ್ಲ.

"ಬೆವರಿನ ಚಿಬ್ಬು ಅಂತ ಯೋಳಿದ್ದೆ ನೀನು" ಎಂದಳು ಸುಂದ್ರಮ್ಮ.

ಆಗ ಅವನು ಹೇಳಿದ. ಬದನಗುಪ್ಪೆ ಕಡೆಯ ಅವರ ಊರಿನಲ್ಲಿ ಅವನಿಗೊಬ್ಬ ಸೋದರತ್ತೆ ಇದ್ದಳಂತೆ. ಅವಳಿಗೆ ದೊಡ್ಡರೋಗ. ಆ ಕಾಯಿಲೆಯ ನಿಜವಾದ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಇವತ್ತಿಗೂ ದೊಡ್ಡರೋಗ ಎಂದೇ ಅನ್ನುವುದು. ಮನೆಯವರೇ ಅವಳಿಗೆ ಬೇಲಿಯ ಆಚೆ ಗುಡಿಸಲು ಹಾಕಿಕೊಟ್ಟು, ಅನ್ನವನ್ನು ದೂರದಿಂದ ಕೋಲಿನಲ್ಲಿ ನೂಕುತ್ತಿದ್ದರು. ಚಿಕ್ಕವನಿದ್ದಾಗ ಇವನು ಕದ್ದು ಹೋಗಿ ಅವಳ ಹತ್ತಿರ ಕೂರುತ್ತಿದ್ದ. ಅವಳು ಒಲೆಯೊಳಗಿನ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಬೀಡಿ ಹಚ್ಚಿಕೊಳ್ಳುತ್ತಿದ್ದಳು. ಅತ್ತೆಗೆ ಮಂತ್ರ ಬರುತ್ತದೆ ಎಂದು ಇವನು ನಂಬಿದ್ದನಂತೆ. ದೊಡ್ಡವನಾದ ಮೇಲೆ ಅದೇನೆಂದು ಗೊತ್ತಾಯಿತು. ಹಾಗಾಗಿ ಟೀ ಲೋಟ ಮೊದಲ ಸಲ ಕೈ ಸುಡದೇ ಇದ್ದ ದಿನವೇ ಅವನಿಗೆ ಎಲ್ಲವೂ ಗೊತ್ತಿತ್ತು.

"ಹಿಡಿ ಒಂದು ಸರಿಹೋಗ್ಬುಟ್ರೆ ಸಾಕು ಅಂದ್ಕಂಡಿದ್ದೆ ಕಣಣ್ಣ" ಎಂದ. "ಜನಕ್ಕೆ ಗೊತ್ತಾದ್ರೆ ನನ್ ಕೈಲಿ ಯಾರ್ ಕುಡಿದಾರು? ಮೀನಾನ ಯಾರ್ ಕೇಳಾರು?"

ನನಗೆ ಕೆಂಡದಂಥ ಸಿಟ್ಟು ಬಂತು. ಅದು ಯಾವ ಕಾಲ, ಇದು ಯಾವ ಕಾಲ, ಈಗ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ ಎಂದು ಬಸ್ ಸ್ಟಾಂಡಿನಲ್ಲಿ ಗೋಡೆ ಗೋಡೆಯ ಮೇಲೆ ಬರೆದಿದ್ದಾರೆ, ಓದಲು ಬರುವುದಿಲ್ಲವೇ ಎಂದು ಕೂಗಾಡಿದೆ. ಕೂಗಾಡಿ ಮನೆಗೆ ಬಂದು, ಅದೇ ನಾನು, ಸೋಪು ಹಚ್ಚಿ ಹಚ್ಚಿ ಕೈ ತೊಳೆದುಕೊಂಡೆ. ಹೆಂಡತಿ ಯಾಕೆಂದು ಕೇಳಿದಾಗ ಗ್ರೀಸ್ ಎಂದೆ. ಅವನು ಮುಚ್ಚಿಟ್ಟಿದ್ದು ಯಾಕೆಂದು ಆಗ ನನಗೆ ಚೆನ್ನಾಗಿ ಅರ್ಥವಾಯಿತು.

ಬೆಳಿಗ್ಗೆ ಅಂಗಡಿ ತೆಗೆಯಲಿಲ್ಲ. ಮೂವರೂ ತೆರಕಣಾಂಬಿ ಮೇಲಿಂದ ಹೋಗುವ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೊರಟೆವು. ಸುಂದ್ರಮ್ಮ ಕರೆದದ್ದಕ್ಕೆ ನಾನು ಹೋದದ್ದು, ಆಸ್ಪತ್ರೆಯಲ್ಲಿ ಡಾಕ್ಟರ ಮಾತು ಸರಿಯಾಗಿ ಕೇಳಿಸಿಕೊಳ್ಳಲು ಇನ್ನೊಂದು ಜೊತೆ ಕಿವಿ ಬೇಕು ಎಂದಿದ್ದಳು. ಅರಿಶಿನ ಕಿತ್ತ ಹೊಲಗಳು ಬೋಳಾಗಿ ಬಿದ್ದಿದ್ದವು. ಪುಟ್ಟಮಾದು ಸುಟ್ಟ ಬೆರಳನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಅದನ್ನು ಮೆಲ್ಲಗೆ ಹಿಸುಕಿ ಹಿಸುಕಿ ನೋಡುತ್ತಿದ್ದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈಗವಸು ಹಾಕಿಕೊಳ್ಳದೆ ಅವನ ತೋಳನ್ನು ಹಿಡಿದು ಮೊಣಕೈಯ ಹಿಂದೆ ಒತ್ತಿ ನೋಡಿದರು. ಅವರು ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ಕಾಯಿಲೆ ಮಾತ್ರೆಯಿಂದ ಖಂಡಿತ ಹೋಗುತ್ತದೆ, ಮಾತ್ರೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವ ಭಯವಿಲ್ಲ, ಯಾರೂ ಯಾರನ್ನೂ ದೂರ ಇಡಬೇಕಿಲ್ಲ. ಪ್ರಶ್ನೆ ಕೈಯದು. ನರ ಕೆಡಲು ಶುರುವಾಗಿ ಆರು ತಿಂಗಳೊಳಗೆ ಬಂದವರಿಗೆ ಸ್ಪರ್ಶ, ಬಲ ಎರಡೂ ತಿರುಗಿ ಬರುವ ಸಾಧ್ಯತೆ ಇರುತ್ತದೆ. ಅದನ್ನು ದಾಟಿದರೆ ಮಾತು ಕೊಡಲು ಆಗುವುದಿಲ್ಲ. ಎಷ್ಟು ದಿನವಾಯಿತು ಎಂದು ಕೇಳಿದರು.

ಪುಟ್ಟಮಾದು ಈ ಬೇಸಿಗೆಯಿಂದ ಎಂದ. ಸುಂದ್ರಮ್ಮ ಅವನ ಮುಖ ನೋಡಿ, ಅವನು ತುಂಬು ತೋಳಿನ ಅಂಗಿ ಹೊಲಿಸಿದ್ದು ಆಚೆ ವರ್ಷದ ಆಯುಧ ಪೂಜೆಗೆ ಎಂದಳು.

ಕೈಯಲ್ಲಿ ಎಷ್ಟು ಜೀವ ಉಳಿದಿದೆ ನೋಡೋಣ ಎಂದು ಡಾಕ್ಟರು ಪೆನ್ನು ತೆಗೆದುಕೊಂಡರು. ಕಣ್ಣು ಮುಚ್ಚಿಕೊಳ್ಳಬೇಕು, ಪೆನ್ನಿನ ತುದಿ ತಾಗಿದ ಕಡೆ ಇನ್ನೊಂದು ಕೈಯ ಬೆರಳಿಟ್ಟು ತೋರಿಸಬೇಕು, ಅಷ್ಟೇ. ಮೊದಲು ಎಡಗೈಯ ಮೇಲೆ ಮಾಡಿ ತೋರಿಸಿದರು. ಅವನು ಕಣ್ಣು ಮುಚ್ಚಿ, ತಾಗಿದ ಕಡೆಯಲ್ಲೆಲ್ಲ ಟಕ್ಕನೆ ಬೆರಳಿಟ್ಟ. ಡಾಕ್ಟರು ಭೇಷ್ ಎಂದರು. ಅವನ ಮುಖದಲ್ಲಿ ಸಣ್ಣ ನಗು ಬಂತು. ಹಳೆಯ ಕೈಚಳಕದವನ ನಗು ಅದು, ನನಗೂ ಆಸೆ ಹುಟ್ಟಿತು.

ಬಲಗೈಯನ್ನು ಮೇಜಿನ ಮೇಲೆ ಚಾಚಿಸಿದರು. ಅವನು ಮತ್ತೆ ಕಣ್ಣು ಮುಚ್ಚಿದ. ಎಡಗೈಯ ತೋರುಬೆರಳನ್ನು ಎತ್ತಿ ಸಿದ್ಧವಾಗಿಟ್ಟುಕೊಂಡ. ಪೆನ್ನಿನ ತುದಿ ಕಿರುಬೆರಳಿನ ಮೇಲೆ ಕೂತಿತು, ಪಕ್ಕದ ಬೆರಳಿನ ಮೇಲೆ ಕೂತಿತು, ಅಂಗೈಯ ಅಂಚಿನಲ್ಲಿ ಇಳಿಯಿತು, ಮಣಿಕಟ್ಟು ದಾಟಿ ಮಚ್ಚೆಯವರೆಗೂ ಹೋಯಿತು. ಒಂದೊಂದು ಕಡೆಯೂ ಡಾಕ್ಟರು ಸ್ವಲ್ಪ ಹೊತ್ತು ಒತ್ತಿ ಕಾದರು. ಎತ್ತಿದ ಬೆರಳು ಎತ್ತಿದ ಹಾಗೆಯೇ ಇತ್ತು. ಸುಂದ್ರಮ್ಮ ಪೆನ್ನಿನ ತುದಿಯಿಂದ ಕಣ್ಣು ಕೀಳದೆ ನಿಂತಿದ್ದಳು. ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಇನ್ನೇನ್ ಸುರು ಮಾಡಿ ಡಾಕ್ಟ್ರೇ, ನಾನು ರೆಡಿ ಇವ್ನಿ" ಎಂದ ಪುಟ್ಟಮಾದು.

ಸುಂದ್ರಮ್ಮ ಬಗ್ಗಿ ಅವನ ಕಿವಿಯ ಹತ್ತಿರ ಮುಖ ತಂದಳು.

"ಮುಗೀತು, ಕಣ್ ಬುಡು" ಎಂದಳು.

ಅವನು ಕಣ್ಣು ಬಿಡಲಿಲ್ಲ.